ಇ-ರೀಡರ್ ಕೊಳ್ಳುವ ಕನ್ನಡ ಓದುಗರಿಗೆ: ಕಿಂಡಲ್, ಬೂಕ್ಸ್, ಕೋಬೊಗಳಲ್ಲಿ ಯಾವುದು?

ಇ-ರೀಡರ್ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಪರದೆ ಎಷ್ಟು ಇಂಚು, ಬ್ಯಾಟರಿ ಎಷ್ಟು ವಾರ ಬರುತ್ತದೆ, ಬಣ್ಣದ್ದು ಬೇಕೋ ಕಪ್ಪು-ಬಿಳುಪು ಸಾಕೋ ಎಂಬಲ್ಲಿಂದ ಶುರುಮಾಡುತ್ತಾರೆ. ಇಂಗ್ಲಿಷ್ ಪುಸ್ತಕ ಮಾತ್ರ ಓದುವವರಿಗೆ ಆ ಲೆಕ್ಕ ಸರಿಯೇ. ಕನ್ನಡವನ್ನೂ ಓದುವವರು ಇನ್ನೊಂದು ತುದಿಯಿಂದ ಶುರುಮಾಡಬೇಕು. ನಿಮಗೆ ಬೇಕಾದ ಪುಸ್ತಕ ಎಲ್ಲಿ ಸಿಗುತ್ತದೆ, ಅಲ್ಲಿಂದ ಈ ಸಾಧನದೊಳಗೆ ಯಾವ ದಾರಿಯಲ್ಲಿ ಬರುತ್ತದೆ, ಬಂದ ಮೇಲೆ ಒತ್ತಕ್ಷರ ಒಡೆಯದೆ ಮೂಡುತ್ತದೆಯೇ? ಈ ಮೂರಕ್ಕೆ ಉತ್ತರ ಸಿಕ್ಕರೆ ಯಾವ ಮಾದರಿ ಎಂಬುದು ಮುಕ್ಕಾಲು ಪಾಲು ತಾನಾಗಿಯೇ ತೀರ್ಮಾನವಾಗುತ್ತದೆ.

ಪರದೆಯ ಬಗ್ಗೆ ಅಷ್ಟು ತಲೆಕೆಡಿಸಿಕೊಳ್ಳಬೇಕಿಲ್ಲ ಎನ್ನಲು ಕಾರಣವಿದೆ. ಸಾಧನದ ಮೇಲಿನ ಹೆಸರು ಯಾವುದೇ ಇರಲಿ, ಪರದೆ ಬಹುತೇಕ ಒಂದೇ ಕಂಪನಿಯದು: ಇ-ಇಂಕ್. ಅಮೆರಿಕದ ಎಂಐಟಿಯ ಸಂಶೋಧಕರು 1997ರಲ್ಲಿ ಶುರುಮಾಡಿದ ಈ ಕಂಪನಿ ಈಗ ತೈವಾನಿನವರ ಕೈಯಲ್ಲಿದೆ. ಕೂದಲೆಳೆಯಷ್ಟು ಸಣ್ಣ ಗುಳ್ಳೆಗಳೊಳಗೆ ಕಪ್ಪು-ಬಿಳಿ ಕಣಗಳಿರುತ್ತವೆ. ವಿದ್ಯುತ್ತಿನ ದಿಕ್ಕು ಬದಲಾದಂತೆ ಯಾವುದೋ ಒಂದು ಬಣ್ಣದ ಕಣ ಮೇಲೆ ಬರುತ್ತದೆ. ಬಂದದ್ದು ಮತ್ತೆ ವಿದ್ಯುತ್ ಕೊಡುವವರೆಗೂ ಅಲ್ಲಾಡುವುದಿಲ್ಲ. ಹಾಗಾಗಿ ಪುಟ ತಿರುಗಿಸುವಾಗ ಬಿಟ್ಟರೆ ಪರದೆಗೆ ಖರ್ಚೇ ಇಲ್ಲ. ಬ್ಯಾಟರಿ ತಿನ್ನುವುದು ಮುಂಬೆಳಕು (ಪರದೆಯನ್ನು ಬೆಳಗುವ ಒಳಗಿನ ದೀಪ) ಮತ್ತು ವೈ-ಫೈ.

ಕನ್ನಡದ ಮಟ್ಟಿಗೆ ಪರದೆಯಲ್ಲಿ ನೋಡಬೇಕಾದದ್ದು ಎರಡು. ಮೊದಲನೆಯದು ಸಾಂದ್ರತೆ: ಇಂಚಿಗೆ 300 ಚುಕ್ಕಿ ಇರಲೇಬೇಕು. 2019ರ ಅಗ್ಗದ ಕಿಂಡಲ್‌ನಲ್ಲಿ ಇದು 167 ಇತ್ತು. ಇಂಗ್ಲಿಷ್ ಅದರಲ್ಲಿ ಹೇಗೋ ನಡೆಯುತ್ತಿತ್ತು, ಆದರೆ ನಮ್ಮ ಒತ್ತುಗಳು ಅಕ್ಷರದ ಕೆಳಗೆ ಸಣ್ಣದಾಗಿ ಕೂರುವಂಥವು. ಸಾಂದ್ರತೆ ಕಡಿಮೆಯಾದರೆ ಪ-ಒತ್ತು ಯಾವುದು, ವ-ಒತ್ತು ಯಾವುದು ಎಂದು ಕಣ್ಣು ಕಿರಿದುಮಾಡಿ ನೋಡಬೇಕಾಗುತ್ತದೆ. ಎರಡನೆಯದು ಅಗಲ. ಕನ್ನಡದ ಪದಗಳು ಪ್ರತ್ಯಯ ಸೇರಿಸಿಕೊಂಡು ಬೆಳೆಯುತ್ತವೆ. ‘ಹೋಗಬೇಕಾಗಿರುವುದರಿಂದ’ ಎಂಬ ಒಂದೇ ಪದ ದೊಡ್ಡ ಅಕ್ಷರದಲ್ಲಿ 6 ಇಂಚಿನ ಪರದೆಯ ಒಂದು ಸಾಲನ್ನು ಬಹುಮಟ್ಟಿಗೆ ನುಂಗುತ್ತದೆ. ಆಗ ಒಂದು ಸಾಲಿನಲ್ಲಿ ಎರಡು ಪದ, ಮುಂದಿನದರಲ್ಲಿ ಒಂದು, ಪಕ್ಕದಲ್ಲೆಲ್ಲ ಖಾಲಿ ಜಾಗ. ಕಣ್ಣು ಚುರುಕಾಗಿರುವವರಿಗೆ 6 ಇಂಚು ಧಾರಾಳವಾಯಿತು. ಅಪ್ಪ-ಅಮ್ಮನಿಗೋ ಅಜ್ಜಿಗೋ ಕೊಡುವುದಾದರೆ 7 ಇಂಚಿಗಿಂತ ಕಡಿಮೆ ತೆಗೆದುಕೊಳ್ಳಬೇಡಿ. ಸಾಲುಗಳ ನಡುವಿನ ಅಂತರ ಹೆಚ್ಚಿಸಲು ಬರುತ್ತದೆಯೇ ಎಂದೂ ನೋಡಿ. ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ.

ಬಣ್ಣದ ಪರದೆ ಮಕ್ಕಳ ಪುಸ್ತಕ, ಕಾಮಿಕ್ಸ್, ನಕ್ಷೆಗಳಿಗೆ ಚೆನ್ನ. ಕತೆ-ಕಾದಂಬರಿಗೆ ಬೇಡವೆಂದೇ ನನ್ನ ಅಭಿಪ್ರಾಯ. ಕೆಲೈಡೊ ಎಂಬ ಈ ಪರದೆ ಎಂದರೆ ಕಪ್ಪು-ಬಿಳುಪಿನ ಪರದೆಯ ಮೇಲೆ ಹಾಸಿದ ಬಣ್ಣದ ಜರಡಿ. ಬಣ್ಣದಲ್ಲಿ ಸಾಂದ್ರತೆ 150ಕ್ಕೆ ಇಳಿಯುತ್ತದೆ, ಜರಡಿ ಬೆಳಕು ಕುಡಿಯುವುದರಿಂದ ಹಿನ್ನೆಲೆಯ ಬಿಳಿ ಮಾಸಲಾಗುತ್ತದೆ, ಅದಕ್ಕೆ ಮುಂಬೆಳಕು ಯಾವಾಗಲೂ ಹೊತ್ತಿಸಿಟ್ಟಿರಬೇಕಾಗುತ್ತದೆ.

ಕಿಂಡಲ್: ಅಂಗಡಿ ದೊಡ್ಡದು, ಕನ್ನಡದ ಬಾಗಿಲು ಸಣ್ಣದು

2007ರ ನವೆಂಬರಿನಲ್ಲಿ ಅಮೆಜಾನ್ ಮೊದಲ ಕಿಂಡಲ್ ತಂದಾಗ ಜನರನ್ನು ಸೆಳೆದದ್ದು ಅದರ ಸಂಪರ್ಕ. ಕಂಪ್ಯೂಟರ್ ಬೇಡ, ತಂತಿ ಬೇಡ, ಒಳಗಿದ್ದ ಮೊಬೈಲ್ ನೆಟ್‌ವರ್ಕ್ ಮೂಲಕ ಪುಸ್ತಕ ತಾನಾಗಿಯೇ ಇಳಿಯುತ್ತಿತ್ತು, ಅದಕ್ಕೆ ಬಿಲ್ಲೂ ಇರಲಿಲ್ಲ. ಕೊಳ್ಳುವುದು-ಓದುವುದು ಇಷ್ಟು ಸಲೀಸಾಗಿರುವುದು ಇವತ್ತಿಗೂ ಕಿಂಡಲ್‌ನಲ್ಲೇ.

ಇಂಗ್ಲಿಷ್ ಹೆಚ್ಚು, ಕನ್ನಡ ಅಪರೂಪಕ್ಕೆ ಎನ್ನುವವರಿಗೆ ಪೇಪರ್‌ವೈಟ್ ಸಾಕು. 7 ಇಂಚು, 300 ಚುಕ್ಕಿ, ಹಳದಿ ಬೆಳಕಿನ ಹೊಂದಾಣಿಕೆ, ನೀರು ತಡೆಯುವ ಗುಣ, ಯುಎಸ್‌ಬಿ-ಸಿ ಎಲ್ಲವೂ ಇವೆ. 2025ರ ಏಪ್ರಿಲ್‌ನಲ್ಲಿ ಇದರ ಹೊಸ ಆವೃತ್ತಿ ಭಾರತಕ್ಕೆ ಬಂದಾಗ ಬೆಲೆ 16,999 ರೂಪಾಯಿ ಇತ್ತು. 6 ಇಂಚಿನ ಸಾದಾ ಕಿಂಡಲ್‌ನಲ್ಲೂ ಈಗ 300 ಚುಕ್ಕಿ ಇದೆ, ಆದರೆ ಹಳದಿ ಬೆಳಕಾಗಲಿ ನೀರಿನ ರಕ್ಷಣೆಯಾಗಲಿ ಇಲ್ಲ. ರಾತ್ರಿ ಮಲಗುವ ಮುಂಚೆ ಓದುವ ಅಭ್ಯಾಸವಿದ್ದರೆ ಹಳದಿ ಬೆಳಕಿಗಾಗಿ ಹೆಚ್ಚು ದುಡ್ಡು ಕೊಡುವುದು ಸಾರ್ಥಕ.

ಕನ್ನಡದ ವಿಷಯಕ್ಕೆ ಬಂದರೆ ಕಿಂಡಲ್ ನಮಗೆ ನ್ಯಾಯ ಮಾಡಿಲ್ಲ ಎಂದು ನೇರವಾಗಿಯೇ ಹೇಳಬೇಕು. 2016ರ ಕೊನೆಗೆ ಕಿಂಡಲ್ ಅಂಗಡಿ ಭಾರತೀಯ ಭಾಷೆಗಳಿಗೆ ತೆರೆದುಕೊಂಡಾಗ ಬಂದದ್ದು ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ. ಕನ್ನಡ ಆ ಪಟ್ಟಿಯಲ್ಲಿ ಇರಲಿಲ್ಲ. ಕಾದು ಕೂರುವ ಬದಲು ಕನ್ನಡದವರು ತಮ್ಮದೇ ದಾರಿ ಮಾಡಿಕೊಂಡರು. ಮೈಲ್ಯಾಂಗ್, ವಿವಿಡ್‌ಲಿಪಿ, ಋತುಮಾನದಂಥ ಆ್ಯಪ್‌ಗಳು ಬಂದವು, ಗೂಗಲ್ ಪ್ಲೇ ಬುಕ್ಸ್‌ನಲ್ಲೂ ಕನ್ನಡ ಪುಸ್ತಕಗಳು ಸೇರಿದವು. ಹೀಗಾಗಿ ಇವತ್ತು ದುಡ್ಡು ಕೊಟ್ಟು ಕೊಳ್ಳುವ ಹೊಸ ಕನ್ನಡ ಇ-ಪುಸ್ತಕಗಳು ಹೆಚ್ಚಾಗಿ ಆ್ಯಪ್‌ಗಳೊಳಗಿವೆ. ಕಿಂಡಲ್‌ನಲ್ಲಿ ಬೇರೆಯವರ ಆ್ಯಪ್ ಹಾಕಲು ಬರುವುದಿಲ್ಲ. ಕೊಳ್ಳುವ ಮುಂಚೆ ಇದನ್ನು ಚೆನ್ನಾಗಿ ಮನದಟ್ಟು ಮಾಡಿಕೊಳ್ಳಿ.

ಕಿಂಡಲ್‌ಗೆ ಕನ್ನಡ ತರುವ ದಾರಿ ಎಂದರೆ ‘ಸೆಂಡ್ ಟು ಕಿಂಡಲ್’. ಪ್ರತಿ ಕಿಂಡಲ್‌ಗೂ ಒಂದು ಇಮೇಲ್ ವಿಳಾಸವಿರುತ್ತದೆ. ಅದಕ್ಕೆ ಇಪಬ್ ಎಂಬ ಇ-ಪುಸ್ತಕದ ರೂಪದಲ್ಲಿರುವ ಕಡತ ಕಳಿಸಿದರೆ ಸಾಧನದಲ್ಲಿ ಬಂದು ಕೂರುತ್ತದೆ (ಯಾವ ಇಮೇಲಿನಿಂದ ಕಳಿಸುತ್ತೀರೋ ಅದನ್ನು ಮೊದಲು ಅಮೆಜಾನ್ ಖಾತೆಯಲ್ಲಿ ಒಪ್ಪಿಗೆಯ ಪಟ್ಟಿಗೆ ಸೇರಿಸಿರಬೇಕು). 2022ರಿಂದ ಇಪಬ್ಬನ್ನು ನೇರವಾಗಿ ಸ್ವೀಕರಿಸುತ್ತದೆ. ದೂರದಲ್ಲಿರುವ ಮಕ್ಕಳಿಗೆ ಇದೊಂದು ದೊಡ್ಡ ಅನುಕೂಲ. ಮಗಳು ಟೊರಾಂಟೊದಲ್ಲಿ ಕುಳಿತು ಕಳಿಸಿದ ಪುಸ್ತಕ ಸಾಗರದ ಮನೆಯಲ್ಲಿ ಅಮ್ಮನ ಕಿಂಡಲ್ ವೈ-ಫೈಗೆ ಸೇರಿದ ಕೂಡಲೇ ಇಳಿಯುತ್ತದೆ, ಅಮ್ಮ ಏನೂ ಒತ್ತಬೇಕಿಲ್ಲ. ಕಳಿಸಲು ಬೇಕಾದ ಇಪಬ್ ಕನ್ನಡ ವಿಕಿಸೋರ್ಸ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಅಲ್ಲಿರುವ ವಚನಗಳನ್ನೂ ಹಳೆಯ ಕೃತಿಗಳನ್ನೂ ಇಪಬ್ ಆಗಿ ಇಳಿಸಿಕೊಳ್ಳುವ ಸೌಲಭ್ಯವಿದೆ.

ಇನ್ನೊಂದು ಬದಲಾವಣೆ ತಿಳಿದಿರಲಿ. ಕೊಂಡ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಿ ಯುಎಸ್‌ಬಿ ತಂತಿಯಲ್ಲಿ ಹಾಕಿಕೊಳ್ಳುವ ಸೌಲಭ್ಯವನ್ನು ಅಮೆಜಾನ್ 2025ರ ಫೆಬ್ರವರಿ 26ರಂದು ನಿಲ್ಲಿಸಿತು. ನಿಮ್ಮ ಸ್ವಂತ ಕಡತಗಳನ್ನು ತಂತಿಯಲ್ಲಿ ಹಾಕಬಹುದು, ಅಂಗಡಿಯಿಂದ ಕೊಂಡದ್ದು ಮಾತ್ರ ವೈ-ಫೈಯಲ್ಲೇ ಬರಬೇಕು. ಮನೆಯಲ್ಲಿ ನೆಟ್ ಸರಿಯಿಲ್ಲದ ಊರುಗಳವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.

ಬೂಕ್ಸ್: ಕನ್ನಡ ಆ್ಯಪ್‌ಗಳು ಓಡುವ ಇ-ರೀಡರ್

ಚೀನಾದ ಆನಿಕ್ಸ್ ಕಂಪನಿಯ ಬೂಕ್ಸ್ ಸಾಧನಗಳು ಆಂಡ್ರಾಯ್ಡ್ ಮೇಲೆ ನಡೆಯುತ್ತವೆ, ಗೂಗಲ್ ಪ್ಲೇ ಸ್ಟೋರ್ ಇರುತ್ತದೆ. ಅಂದರೆ ನಿಮ್ಮ ಫೋನಿನಲ್ಲಿರುವ ಕನ್ನಡ ಪುಸ್ತಕದ ಆ್ಯಪ್‌ಗಳನ್ನೇ ಇದರಲ್ಲೂ ಹಾಕಿಕೊಂಡು, ಈಗಾಗಲೇ ಕೊಂಡ ಪುಸ್ತಕಗಳನ್ನು ಕಾಗದದಂಥ ಪರದೆಯಲ್ಲಿ ಓದಬಹುದು. 2020ರಲ್ಲಿ ಶುರುವಾದ ಕರ್ನಾಟಕ ಡಿಜಿಟಲ್ ಪಬ್ಲಿಕ್ ಲೈಬ್ರರಿಯನ್ನೂ ತೆರೆಯಬಹುದು. ಕಿಂಡಲ್ ಆ್ಯಪ್ ಹಾಕಿಕೊಂಡರೆ ಅಲ್ಲಿ ಕೊಂಡದ್ದೂ ಇಲ್ಲೇ ಬರುತ್ತದೆ. ಕನ್ನಡವನ್ನೇ ಮುಖ್ಯವಾಗಿ ಓದುವ, ಪುಸ್ತಕ ಕೊಂಡು ಓದುವ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ. ಕನ್ನಡದ ಲೇಖಕರಿಗೂ ಪ್ರಕಾಶಕರಿಗೂ ನಮ್ಮ ದುಡ್ಡು ತಲುಪುವ ದಾರಿ ಸದ್ಯಕ್ಕೆ ಈ ಆ್ಯಪ್‌ಗಳೇ.

6 ಇಂಚಿನ ಗೋ 6, ಬಣ್ಣದ ಗೋ ಕಲರ್ 7, ಫೋನಿನ ಆಕಾರದ ಪಾಮಾ – ಹೀಗೆ ಮಾದರಿಗಳು ಹಲವು. ಪಾಮಾ 6.13 ಇಂಚಿನದು, ಜೇಬಿನಲ್ಲಿ ಹಿಡಿಯುತ್ತದೆ, ಮೆಟ್ರೋದಲ್ಲಿ ನಿಂತು ಒಂದೇ ಕೈಯಲ್ಲಿ ಓದಬಹುದು. ಆದರೆ ಉದ್ದ-ಕಿರಿದಾದ ಪರದೆಯಾದ್ದರಿಂದ ಮೇಲೆ ಹೇಳಿದ ಉದ್ದ ಪದಗಳ ತೊಂದರೆ ಇದರಲ್ಲಿ ಎದ್ದು ಕಾಣುತ್ತದೆ.

ಕೊರತೆಗಳೂ ಇವೆ. ಕಿಂಡಲ್ ವಾರಗಟ್ಟಲೆ ಬಂದರೆ ಆಂಡ್ರಾಯ್ಡ್ ಸಾಧನ ಬರುವುದು ದಿನಗಳ ಲೆಕ್ಕದಲ್ಲಿ, ವೈ-ಫೈ ಹಾಕಿಟ್ಟರೆ ಇನ್ನೂ ಕಡಿಮೆ. ಆಂಡ್ರಾಯ್ಡ್‌ನ ಆವೃತ್ತಿ ಬಂದಲ್ಲೇ ನಿಲ್ಲುವುದುಂಟು. ಪಾಮಾ 2023ರಲ್ಲಿ ಬಂದಾಗಲೇ ಅದರಲ್ಲಿದ್ದದ್ದು ಆಂಡ್ರಾಯ್ಡ್ 11, ಮುಂದೊಂದು ದಿನ ಆ್ಯಪ್‌ಗಳು ಹಳೆಯ ಆವೃತ್ತಿಯನ್ನು ಕೈಬಿಡಬಹುದು. ಜೊತೆಗೆ ಈ ಆ್ಯಪ್‌ಗಳನ್ನು ಬರೆದದ್ದು ಫೋನಿಗಾಗಿ. ಬೆರಳಿನಿಂದ ಜಾರಿಸುವ ಪುಟ ಇ-ಇಂಕ್‌ನಲ್ಲಿ ಹಿಂದಿನ ಪುಟದ ನೆರಳನ್ನು ಉಳಿಸುತ್ತದೆ, ತಿಳಿ ಬೂದು ಬಣ್ಣದ ಬಟನ್‌ಗಳು ಕಾಣುವುದೇ ಇಲ್ಲ. ಇದಕ್ಕೆ ಬೂಕ್ಸ್‌ನಲ್ಲೇ ಪರಿಹಾರವಿದೆ: ಪ್ರತಿ ಆ್ಯಪ್‌ಗೂ ಬೇರೆಬೇರೆಯಾಗಿ ಪರದೆ ತಾಜಾಗೊಳ್ಳುವ ರೀತಿ, ಅಕ್ಷರದ ಕಪ್ಪು, ಹಿನ್ನೆಲೆಯ ಬಿಳುಪು ಹೊಂದಿಸಬಹುದು. ಮೊದಲ ದಿನ ಅರ್ಧ ಗಂಟೆ ಕೂತು ಇವನ್ನು ಸರಿಮಾಡಿಕೊಂಡರೆ ಆಮೇಲೆ ತಲೆನೋವಿಲ್ಲ. ತಂತ್ರಜ್ಞಾನ ಒಗ್ಗದ ಹಿರಿಯರಿಗೆ ಕೊಡುವುದಾದರೆ ನೀವೇ ಎಲ್ಲ ಹೊಂದಿಸಿ, ಒಂದೇ ಆ್ಯಪನ್ನು ಮೊದಲ ಪರದೆಯಲ್ಲಿಟ್ಟು ಕೊಡಿ.

ಕೋಬೊ: ಕಡತ ಕೈಯಲ್ಲಿದ್ದವರಿಗೆ, ವಿದೇಶದಲ್ಲಿರುವವರಿಗೆ

ಕೋಬೊ ಹುಟ್ಟಿದ್ದು ಕೆನಡಾದಲ್ಲಿ, ಈಗ ಜಪಾನಿನ ರಾಕುಟೆನ್ ಒಡೆತನದಲ್ಲಿದೆ. 2024ರ ಏಪ್ರಿಲ್‌ನಲ್ಲಿ ಕ್ಲಾರಾ ಬಿಡಬ್ಲ್ಯೂ, ಕ್ಲಾರಾ ಕಲರ್, ಲಿಬ್ರಾ ಕಲರ್ ಎಂಬ ಮೂರು ಮಾದರಿ ಬಂದವು. ಮೂರಕ್ಕೂ ನೀರಿನ ರಕ್ಷಣೆ ಇದೆ. 6 ಇಂಚಿನ ಕ್ಲಾರಾ ಬಿಡಬ್ಲ್ಯೂನಲ್ಲಿ ಹಳದಿ ಬೆಳಕೂ ಇರುವುದರಿಂದ ಅದು ಸಾದಾ ಕಿಂಡಲ್‌ಗಿಂತ ಒಂದು ಕೈ ಮೇಲು. 7 ಇಂಚಿನ ಲಿಬ್ರಾಕ್ಕೆ ಪುಟ ತಿರುಗಿಸುವ ಗುಂಡಿಗಳಿವೆ. ಬೆರಳು ನಡುಗುವವರಿಗೂ, ಪರದೆ ಮುಟ್ಟಿದರೆ ಎಲ್ಲೆಲ್ಲಿಗೋ ಹೋಗುತ್ತದೆ ಎಂದು ಬೇಸರಪಡುವವರಿಗೂ ಆ ಗುಂಡಿ ವರದಾನ.

ಹೊರದೇಶದಲ್ಲಿರುವ ಕನ್ನಡಿಗರಿಗೆ ಕೋಬೊದ ದೊಡ್ಡ ಆಕರ್ಷಣೆ ಗ್ರಂಥಾಲಯ. ಊರಿನ ಸಾರ್ವಜನಿಕ ಗ್ರಂಥಾಲಯ ಇ-ಪುಸ್ತಕ ಎರವಲು ಕೊಡಲು ಓವರ್‌ಡ್ರೈವ್ ಎಂಬ ಸೇವೆ ಬಳಸುತ್ತಿದ್ದರೆ ಕಾರ್ಡ್ ಸಂಖ್ಯೆ ಕೊಟ್ಟು ಸಾಧನದಲ್ಲಿಯೇ ಪುಸ್ತಕ ಎರವಲು ಪಡೆಯಬಹುದು. ಕಿಂಡಲ್‌ಗೆ ಹೀಗೆ ಗ್ರಂಥಾಲಯದ ಪುಸ್ತಕ ಬರುವುದು ಅಮೆರಿಕದಲ್ಲಿ ಮಾತ್ರ. ಕೆನಡಾ, ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿರುವವರು ಕೋಬೊ ಕಡೆಗೇ ನೋಡುವುದು ಲೇಸು. ಭಾರತಕ್ಕೆ ತರಿಸಿಕೊಳ್ಳುವುದಾದರೆ ಸುಂಕ ಎಷ್ಟು ಬೀಳುತ್ತದೆ, ಕೆಟ್ಟರೆ ವಾರಂಟಿ ಯಾರದು ಎಂದು ಮೊದಲೇ ಕೇಳಿಕೊಳ್ಳಿ. ಬೂಕ್ಸ್‌ಗೂ ಈ ಮಾತು ಅನ್ವಯ.

ಕೋಬೊವನ್ನು ನಾನು ಮೆಚ್ಚುವುದು ಅದರ ಮುಕ್ತತೆಗೆ. ತಂತಿ ಚುಚ್ಚಿದರೆ ಪೆನ್‌ಡ್ರೈವ್‌ನಂತೆ ತೆರೆದುಕೊಳ್ಳುತ್ತದೆ, ಇಪಬ್ ಎಳೆದು ಹಾಕಿದರಾಯಿತು. (2024ರ ಕಿಂಡಲ್‌ಗಳು ಹೀಗೆ ತೆರೆದುಕೊಳ್ಳುವುದಿಲ್ಲ, ಮ್ಯಾಕ್ ಇದ್ದವರಿಗೆ ಬೇರೆ ತಂತ್ರಾಂಶ ಬೇಕಾಗುತ್ತದೆ.) ಸಾಧನದ ಬೀಗ ಒಡೆಯುವ ಗೋಜಿಲ್ಲದೆ, ಪುಸ್ತಕ ಓದಿಸುವ ಕೆಒರೀಡರ್ ಎಂಬ ಉಚಿತ ತಂತ್ರಾಂಶವನ್ನೂ ಹಾಕಿಕೊಳ್ಳಬಹುದು. ಕನ್ನಡಕ್ಕೆ ಇದು ಏಕೆ ಮುಖ್ಯವೆಂದರೆ, ಅಕ್ಷರ ಜೋಡಿಸುವ ಕೆಲಸವನ್ನು ಅದು ಹಾರ್ಫ್‌ಬಜ್ ಎಂಬ ತಂತ್ರಾಂಶದಿಂದ ಮಾಡಿಸುತ್ತದೆ. ಅದಕ್ಕೆ ಭಾರತೀಯ ಲಿಪಿಗಳ ಒತ್ತು, ಅರ್ಕಾವೊತ್ತು ಎಲ್ಲ ಗೊತ್ತು. ನೋಟೊ ಸೆರಿಫ್ ಕನ್ನಡದಂಥ ಒಂದು ಫಾಂಟ್ ಹಾಕಿದರೆ ಪುಟ ಅಚ್ಚಾದ ಪುಸ್ತಕದಷ್ಟೇ ಹಿತವಾಗಿರುತ್ತದೆ. ಬೂಕ್ಸ್‌ನಲ್ಲೂ ಇದು ಒಂದು ಆ್ಯಪ್ ಆಗಿ ಓಡುತ್ತದೆ.

ಕೊಳ್ಳುವ ಮುಂಚೆ ಐದು ಪದದ ಪರೀಕ್ಷೆ

ಯಾವ ಸಾಧನವೇ ಆಗಲಿ, ಸ್ನೇಹಿತರ ಹತ್ತಿರ ಇದ್ದರೆ ಅದರಲ್ಲಿ, ಇಲ್ಲದಿದ್ದರೆ ವಾಪಸ್ ಮಾಡುವ ಅವಧಿ ಮುಗಿಯುವುದರೊಳಗೆ ನಿಮ್ಮದರಲ್ಲಿ ಒಂದು ಪರೀಕ್ಷೆ ಮಾಡಿ. ‘ಸ್ವಾತಂತ್ರ್ಯ, ರಾಷ್ಟ್ರ, ಸೂರ್ಯ, ಜ್ಞಾನ, ಕರ್ತೃ’ ಎಂದು ಬರೆದ ಸಣ್ಣ ಇಪಬ್ ಮಾಡಿ ಹಾಕಿ. ಕ್ಯಾಲಿಬರ್ ಎಂಬ ಉಚಿತ ತಂತ್ರಾಂಶದಲ್ಲಿ ಎರಡು ನಿಮಿಷದ ಕೆಲಸ. ಅಂದಹಾಗೆ, 2006ರಿಂದ ಅದನ್ನು ಕಟ್ಟುತ್ತ ಬಂದವರು ಭಾರತದವರೇ ಆದ ಕೋವಿದ್ ಗೋಯಲ್.

ಅಕ್ಷರದ ಜಾಗದಲ್ಲಿ ಚೌಕಗಳು ಕಂಡರೆ ಕನ್ನಡದ ಫಾಂಟ್ ಇಲ್ಲ ಎಂದರ್ಥ. ಅದಕ್ಕೆ ಮದ್ದಿದೆ: ಕ್ಯಾಲಿಬರ್‌ನಲ್ಲಿ ಫಾಂಟನ್ನು ಪುಸ್ತಕದೊಳಗೇ ಸೇರಿಸಿ ಕಳಿಸಿ. ಅಕ್ಷರಗಳೇನೋ ಬಂದಿವೆ, ಆದರೆ ‘ರಾಷ್ಟ್ರ’ದಲ್ಲಿ ಒತ್ತುಗಳು ಷಕಾರದ ಕೆಳಗೆ ಕೂರದೆ ಮೂರು ಬಿಡಿ ಅಕ್ಷರಗಳಾಗಿ ಸಾಲಾಗಿ ನಿಂತಿವೆ, ‘ಸೂರ್ಯ’ದಲ್ಲಿ ಅರ್ಕಾವೊತ್ತು ಯಕಾರದ ಬಲಕ್ಕೆ ಬಂದಿಲ್ಲ ಎಂದಾದರೆ ತೊಂದರೆ ಓದಿಸುವ ತಂತ್ರಾಂಶದ್ದು. ಫಾಂಟ್ ಎಷ್ಟು ಬದಲಿಸಿದರೂ ಸರಿಹೋಗುವುದಿಲ್ಲ. ಅಂಥ ಸಾಧನವನ್ನು ಕನ್ನಡಕ್ಕಾಗಿ ಕೊಳ್ಳಬೇಡಿ, ಕೊಂಡಿದ್ದರೆ ವಾಪಸ್ ಮಾಡಿ.

ಸ್ಕ್ಯಾನ್ ಪ್ರತಿಗಳ ಲೋಕ

ಕನ್ನಡದ ಹಳೆಯ ಪುಸ್ತಕಗಳ ಬಹುದೊಡ್ಡ ಭಂಡಾರ ಇರುವುದು ಸ್ಕ್ಯಾನ್ ಆದ ಪಿಡಿಎಫ್‌ಗಳಲ್ಲಿ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಪ್ರತಿಗಳು ಇಂಟರ್ನೆಟ್ ಆರ್ಕೈವ್‌ನಲ್ಲಿವೆ. ಅವುಗಳನ್ನು ಕನ್ನಡದಲ್ಲೇ ಹುಡುಕಲು ಸಂಚಯದವರ ‘ಪುಸ್ತಕ ಸಂಚಯ’ವಿದೆ. ಸರ್ಕಾರದ ‘ಕಣಜ’ ಮತ್ತು ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ‘ಭಾರತವಾಣಿ’ಯಲ್ಲಿ ಇನ್ನಷ್ಟು. ಸಂಶೋಧನೆ ಮಾಡುವವರು, ಹಳೆಯ ಸಾಹಿತ್ಯದ ಹುಚ್ಚಿನವರು ಇವನ್ನೇ ಓದುವುದು.

ಇಲ್ಲಿ ಮಾತ್ರ ಪರದೆಯ ಅಳತೆಯೇ ಎಲ್ಲವನ್ನೂ ನಿರ್ಧರಿಸುತ್ತದೆ. 6 ಇಂಚು ಎಂದರೆ ಮೂಲೆಯಿಂದ ಮೂಲೆಗೆ. ನಿಜವಾದ ಪರದೆ ಸುಮಾರು 3.6 ಇಂಚು ಅಗಲ, 4.8 ಇಂಚು ಎತ್ತರ. ನಮ್ಮ ಡೆಮಿ 1/8 ಆಕಾರದ ಪುಸ್ತಕದ ಪುಟ ಸುಮಾರು 5.5ಕ್ಕೆ 8.5 ಇಂಚು. ಆ ಪುಟವನ್ನು ಈ ಪರದೆಗೆ ಇಳಿಸಿದರೆ ಅಕ್ಷರ ಅರ್ಧಕ್ಕಿಂತ ಸ್ವಲ್ಪ ಮಾತ್ರ ದೊಡ್ಡದು. 10.3 ಇಂಚಿನ ಪರದೆ ಸುಮಾರು 6.2ಕ್ಕೆ 8.2, ಅದರಲ್ಲಿ ಪುಟ ಹೆಚ್ಚುಕಡಿಮೆ ಇದ್ದ ಅಳತೆಯಲ್ಲೇ ಮೂಡುತ್ತದೆ. 2022, 2024ರ ಕಿಂಡಲ್ ಸ್ಕ್ರೈಬ್ (10.2 ಇಂಚು, 300 ಚುಕ್ಕಿ), ಕೋಬೊ ಎಲಿಪ್ಸಾ 2ಇ (10.3 ಇಂಚು, 227 ಚುಕ್ಕಿ), ಬೂಕ್ಸ್‌ನ ನೋಟ್ ಏರ್ ಸಾಲಿನವು ಈ ಗುಂಪಿಗೆ ಸೇರುತ್ತವೆ. ಬೆಲೆ ಹೆಚ್ಚು, ಆದರೆ ಸ್ಕ್ಯಾನ್ ಪ್ರತಿಗಳನ್ನೇ ಓದುವವರಿಗೆ ಬೇರೆ ದಾರಿಯಿಲ್ಲ. ಅಷ್ಟು ದುಡ್ಡು ಹಾಕಲಾರದವರು 7 ಇಂಚಿನದರಲ್ಲಿ ಕೆಒರೀಡರ್ ಹಾಕಿಕೊಂಡು ಅಂಚು ಕತ್ತರಿಸಿ ಓದಬಹುದು. ಸ್ಕ್ಯಾನ್ ಚಿತ್ರದಿಂದಲೇ ಪದಗಳನ್ನು ಕತ್ತರಿಸಿ ಮತ್ತೆ ಜೋಡಿಸಿ ದೊಡ್ಡದಾಗಿ ತೋರಿಸುವ ಸೌಲಭ್ಯವೂ ಅದರಲ್ಲಿದೆ. ಚಿತ್ರವನ್ನೇ ಕತ್ತರಿಸುವುದರಿಂದ ಲಿಪಿ ಯಾವುದಾದರೂ ಅದಕ್ಕೆ ಒಂದೇ.

ಸ್ಕ್ಯಾನ್ ಅಲ್ಲದ ಹಳೆಯ ಕನ್ನಡ ಪಿಡಿಎಫ್‌ಗಳನ್ನು ಇಪಬ್‌ಗೆ ಬದಲಿಸಲು ಹೋಗಬೇಡಿ. ನುಡಿ, ಬರಹದ ಯುನಿಕೋಡ್‌ಗಿಂತ ಹಿಂದಿನ ಫಾಂಟ್‌ಗಳಲ್ಲಿ ಜೋಡಿಸಿದ ಪುಸ್ತಕ ಪಿಡಿಎಫ್‌ನಲ್ಲಿ ಚೆನ್ನಾಗಿಯೇ ಕಾಣುತ್ತದೆ. ಆದರೆ ಒಳಗಿರುವುದು ಯುನಿಕೋಡ್‌ನ ಕನ್ನಡ ಸಂಕೇತವಲ್ಲ, ಇಂಗ್ಲಿಷ್ ಅಕ್ಷರಗಳ ಸಂಕೇತ. ಬದಲಿಸಿದ ಕೂಡಲೇ ಪುಟದ ತುಂಬ ಅರ್ಥವಿಲ್ಲದ ಚಿಹ್ನೆಗಳು. ಪಠ್ಯವನ್ನು ಮೊದಲು ಯುನಿಕೋಡ್‌ಗೆ ಪರಿವರ್ತಿಸಿ, ಆಮೇಲೆ ಇಪಬ್ ಮಾಡಬೇಕು.

ವೈ-ಫೈ, ಬ್ಲೂಟೂತ್

‘ಇ-ರೀಡರ್ ವೈ-ಫೈಗೆ ಸೇರುತ್ತಿಲ್ಲ’ ಎಂಬ ದೂರುಗಳ ಹಿಂದೆ ಬಹಳ ಸಲ ಇರುವುದು ಒಂದೇ ಕಾರಣ. ವೈ-ಫೈ ತರಂಗಗಳಲ್ಲಿ ಹಳೆಯ ಮಾದರಿಗಳಿಗೆ 2.4 ಗಿಗಾಹರ್ಟ್ಸಿನದು ಮಾತ್ರ ಗೊತ್ತು, ರೂಟರ್ ಅಥವಾ ಫೋನಿನ ಹಾಟ್‌ಸ್ಪಾಟ್ 5ರಲ್ಲಿ ಕೂತಿರುತ್ತದೆ. ಆಂಡ್ರಾಯ್ಡ್ ಫೋನಿನ ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿ 2.4 ಆರಿಸಿ. ಐಫೋನ್ ಆದರೆ ‘ಮ್ಯಾಕ್ಸಿಮೈಸ್ ಕಂಪ್ಯಾಟಿಬಿಲಿಟಿ’ ಹಾಕಿ. ರೂಟರಿನಲ್ಲಿ ಭದ್ರತೆ ಡಬ್ಲ್ಯೂಪಿಎ-3 ಮಾತ್ರ ಎಂದಿದ್ದರೆ ಅದನ್ನೂ ಸಡಿಲಿಸಬೇಕಾಗಬಹುದು. ರೈಲು ನಿಲ್ದಾಣ, ಹೋಟೆಲುಗಳ ಒಟಿಪಿ ಕೇಳುವ ವೈ-ಫೈಯನ್ನು ನೆಚ್ಚಿಕೊಳ್ಳಬೇಡಿ, ಇ-ರೀಡರಿನ ಬ್ರೌಸರ್ ಅಲ್ಲಿ ತಡವರಿಸುತ್ತದೆ. ಪ್ರಯಾಣಕ್ಕೆ ಮುಂಚೆಯೇ ಪುಸ್ತಕ ಇಳಿಸಿಕೊಂಡು ವೈ-ಫೈ ನಿಲ್ಲಿಸಿಬಿಡಿ, ಬ್ಯಾಟರಿಯೂ ಉಳಿಯುತ್ತದೆ.

ಬ್ಲೂಟೂತ್ ಇದೆ ಎಂದು ಪೆಟ್ಟಿಗೆಯ ಮೇಲೆ ಬರೆದಿದ್ದರೂ ಎಲ್ಲದರಲ್ಲೂ ಅದರ ಉಪಯೋಗ ಒಂದೇ ಅಲ್ಲ. ಕಿಂಡಲ್‌ನಲ್ಲಿ ಮುಖ್ಯವಾಗಿ ಅಮೆಜಾನಿನದೇ ಆದ ಆಡಿಬಲ್‌ನ ಆಡಿಯೊ ಪುಸ್ತಕಕ್ಕೆ, ಕೋಬೊದಲ್ಲಿ ಕೋಬೊ ಅಂಗಡಿಯ ಆಡಿಯೊ ಪುಸ್ತಕಕ್ಕೆ. ಬೂಕ್ಸ್‌ನಲ್ಲಿ ಫೋನಿನಂತೆ ಏನನ್ನು ಬೇಕಾದರೂ ಕೇಳಬಹುದು. ಗೂಗಲ್‌ನ ಪಠ್ಯ ಓದುವ ದನಿಗೆ ಕನ್ನಡ ಬರುವುದರಿಂದ ಯುನಿಕೋಡ್ ಪುಸ್ತಕವನ್ನು ಅದರಿಂದ ಗಟ್ಟಿಯಾಗಿ ಓದಿಸಲೂಬಹುದು. ಓದುವ ಆಸೆ ಇದ್ದೂ ಕಣ್ಣು ಸಹಕರಿಸದ ಹಿರಿಯರು ಮನೆಯಲ್ಲಿದ್ದರೆ ಬೂಕ್ಸ್ ಕೊಳ್ಳಲು ಇದೊಂದೇ ಕಾರಣ ಸಾಕು.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ

‘ಜೀವನಪರ್ಯಂತ ಉಚಿತ 3ಜಿ’ ಎಂದು ಮಾರಾಟಕ್ಕಿಟ್ಟ ಹಳೆಯ ಕಿಂಡಲ್ ಕಂಡರೆ ಆ 3ಜಿಗೆ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡಿ. ಅಮೆರಿಕದಲ್ಲಿ ಎಟಿ ಅಂಡ್ ಟಿ 2022ರ ಫೆಬ್ರವರಿಯಲ್ಲಿ 3ಜಿ ನಿಲ್ಲಿಸಿತು, ನಮ್ಮಲ್ಲಿ ಏರ್‌ಟೆಲ್ ಅದಕ್ಕೂ ಮೊದಲೇ ಮುಚ್ಚಿತ್ತು, ಜಿಯೋದಲ್ಲಿ 3ಜಿ ಇರಲೇ ಇಲ್ಲ. ಮಾರುವವರ ಎದುರಿನಲ್ಲೇ ಅವರ ಅಮೆಜಾನ್ ಖಾತೆಯಿಂದ ಸಾಧನವನ್ನು ಡಿರಿಜಿಸ್ಟರ್ ಮಾಡಿಸಿ, ನಿಮ್ಮ ಖಾತೆಗೆ ಸೇರಿಸಿ, ನಿಮ್ಮ ಫೋನಿನ ಹಾಟ್‌ಸ್ಪಾಟ್‌ಗೆ ಜೋಡಿಸಿ ಒಂದು ಉಚಿತ ಪುಸ್ತಕ ಇಳಿಯುತ್ತದೆಯೇ ನೋಡಿ. ಕದ್ದದ್ದು ಅಥವಾ ಅಮೆಜಾನ್ ತಡೆಹಿಡಿದದ್ದು ಆಗಿದ್ದರೆ ಖಾತೆಗೆ ಸೇರುವಾಗಲೇ ಗೊತ್ತಾಗುತ್ತದೆ. ಮುಂಬೆಳಕನ್ನು ಕೊನೆಯವರೆಗೂ ಏರಿಸಿ ಪರದೆಯ ನಾಲ್ಕೂ ಮೂಲೆ ನೋಡಿ, ಚಾರ್ಜಿಂಗ್ ತಂತಿ ಚುಚ್ಚಿ ಅಲ್ಲಾಡಿಸಿ ನೋಡಿ, ಆಮೇಲೆ ದುಡ್ಡು ಕೊಡಿ.